ಮಂಗಳವಾರದ ಮೊಬೈಲ್ ತರಗತಿಗೆ ವರ್ಷ ತುಂಬಿತು: ಕೈಜೋಡಿಸಿದವರಿಗೆಲ್ಲ ಧನ್ಯವಾದ

ಎಲ್ಲರಿಗೂ ನಮಸ್ಕಾರ.

ತಿಪಟೂರು ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ (ಈಗ ಬೋರ್ಡಿನ ಮೇಲೆ ಅರಿವು ಕೇಂದ್ರ ಎಂದಿದೆ) ಮಂಗಳವಾರ ಮಧ್ಯಾಹ್ನ ನಡೆಯುವ ಮೊಬೈಲ್ ತರಗತಿಗೆ ವರ್ಷ ತುಂಬಿತು. ಬಂದವರಲ್ಲಿ ಹೆಚ್ಚಿನವರು ಹೆಂಗಸರು, ಅದರಲ್ಲೂ ಐವತ್ತು ದಾಟಿದವರು. ಫೋನ್ ಎಲ್ಲರ ಮನೆಯಲ್ಲೂ ಇತ್ತು. ಕರೆ ಬಂದರೆ ಎತ್ತುವುದೊಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಗನೋ ಮೊಮ್ಮಗಳೋ ಮಾಡಿಕೊಡಬೇಕಿತ್ತು. ಇವತ್ತು ಅವರಲ್ಲಿ ಬಹಳ ಮಂದಿ ಗೃಹಲಕ್ಷ್ಮಿ ದುಡ್ಡು ಬಂತೋ ಇಲ್ಲವೋ ತಾವೇ ನೋಡಿಕೊಳ್ಳುತ್ತಾರೆ, ಪಹಣಿ ತೆಗೆದು ನೋಡುತ್ತಾರೆ, ಅನುಮಾನ ಬಂದ ಕರೆಯನ್ನು ಮುಲಾಜಿಲ್ಲದೆ ಕಟ್ ಮಾಡುತ್ತಾರೆ. ಇದಕ್ಕೆ ಕಾರಣರಾದವರು ತಮ್ಮ ಹೆಸರು ಹಾಕಬೇಡಿ ಅಂದಿದ್ದಾರೆ. ಆಗಲಿ, ಹೆಸರು ಬೇಡ. ಯಾರು ಏನು ಮಾಡಿದ್ದರಿಂದ ಯಾವ ತೊಡಕು ಬಗೆಹರಿಯಿತು ಅನ್ನುವುದನ್ನಾದರೂ ಬರೆದಿಡುತ್ತೇವೆ. ಬೇರೆ ಪಂಚಾಯಿತಿಯವರಿಗೂ ಕೆಲಸಕ್ಕೆ ಬಂದೀತು.

ಮೊದಲ ಧನ್ಯವಾದ ಗ್ರಂಥಪಾಲಕಿಗೆ ಮತ್ತು ಸಂಜೀವಿನಿ ಒಕ್ಕೂಟದ (ಮಹಿಳಾ ಸ್ವಸಹಾಯ ಸಂಘಗಳ ಕೂಟ) ಲೆಕ್ಕ ಬರೆಯುವ ಮುಖ್ಯ ಪುಸ್ತಕ ಬರಹಗಾರ್ತಿಗೆ. ಹೊತ್ತು ಗೊತ್ತು ಮಾಡಿದವರು ಅವರೇ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಬೇಕು, ಕೊಬ್ಬರಿ ಹರಾಜಿನ ದಿನ ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ, ಶುಕ್ರವಾರ ಪೂಜೆ. ಮಂಗಳವಾರ ಎರಡರಿಂದ ನಾಲ್ಕು ಗಂಟೆ ಮಾತ್ರ ಉಳಿಯಿತು. ಒಂದು ಮೇಜಿಗೆ ಆರು ಜನ, ಇಬ್ಬರಿಗೆ ಒಬ್ಬರಂತೆ ಸಹಾಯಕರು ಎಂಬ ಲೆಕ್ಕವೂ ಗ್ರಂಥಪಾಲಕಿಯದೇ. ಒಬ್ಬ ಸಹಾಯಕ ಮೂರು ಫೋನ್ ನೋಡಹೊರಟರೆ ಮೂರನೆಯವರು ಸುಮ್ಮನೆ ಕೂತು, ಮುಂದಿನ ವಾರ ಬರುವುದನ್ನೇ ನಿಲ್ಲಿಸುತ್ತಾರೆ. ಚಾರ್ಜಿಂಗ್‌ಗೆ ಎಕ್ಸ್‌ಟೆನ್ಷನ್ ಬೋರ್ಡ್, ಎರಡು ಟೈಪ್-ಸಿ ಕೇಬಲ್, ಹಳೆಯ ಫೋನ್‌ಗಳಿಗೆಂದು ಎರಡು ಮೈಕ್ರೋ ಯುಎಸ್‌ಬಿ ಕೇಬಲ್. ಸಾಮಾನು ಇಷ್ಟೇ.

ಬಸ್ ನಿಲ್ದಾಣದ ಪಕ್ಕದ ಮೊಬೈಲ್ ಅಂಗಡಿಯವರಿಗೆ ನಾವು ದೊಡ್ಡ ಋಣಿಗಳು. ಅಕ್ಷರ ದೊಡ್ಡದು ಮಾಡಿಕೊಡುವುದು ಯಾರಿಗೂ ಗೊತ್ತು. ಅವರು ಹೇಳಿಕೊಟ್ಟಿದ್ದು ಬೇರೆ. ವಯಸ್ಸಾದವರು ಪರದೆಯನ್ನು ಕಾಲಿಂಗ್ ಬೆಲ್ ಒತ್ತಿದ ಹಾಗೆ ಒತ್ತಿ ಹಿಡಿಯುತ್ತಾರೆ. ಫೋನ್‌ಗೆ ಅದು ಬೇರೆಯೇ ಆಜ್ಞೆ: ಆ್ಯಪ್ ತೆರೆಯುವ ಬದಲು ಚಿತ್ರ ಜಾಗ ಬಿಟ್ಟು ಅಲುಗಾಡತೊಡಗುತ್ತದೆ, ಅಥವಾ ಅಳಿಸಬೇಕೇ ಎಂದು ಕೇಳುತ್ತದೆ. ಆಗ ಅವರಿಗೆ ಗಾಬರಿ, 'ಅಯ್ಯೋ, ಹಾಳಾಯ್ತು' ಅಂತ ಫೋನ್ ಕೆಳಗಿಡುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಒಳಗೆ 'ಟಚ್ ಅಂಡ್ ಹೋಲ್ಡ್ ಡಿಲೇ' ಎಂದಿರುತ್ತದೆ. ಅದನ್ನು ಲಾಂಗ್‌ಗೆ ಇಟ್ಟರೆ ಒಂದು ಗಳಿಗೆ ಹೆಚ್ಚು ಒತ್ತಿದರೂ ಫೋನ್ ಸಹಿಸಿಕೊಳ್ಳುತ್ತದೆ. ಇನ್ನೊಂದು, ಒಣಗಿ ಒಡೆದ ಬೆರಳು. ಪರದೆ ಬೆರಳನ್ನು ಗುರುತಿಸುವುದು ಚರ್ಮದ ಮೂಲಕ ಹರಿಯುವ ಸಣ್ಣ ವಿದ್ಯುತ್ತಿನಿಂದ. ಕಾಯಿ ಸುಲಿದು ದಡ್ಡುಗಟ್ಟಿದ ಬೆರಳಿನಲ್ಲಿ ಅದು ಸರಿಯಾಗಿ ಹರಿಯುವುದಿಲ್ಲ. ಒದ್ದೆ ಬಟ್ಟೆಗೆ ಬೆರಳು ಒತ್ತಿ ಒರೆಸಿಕೊಂಡರೆ, ಒಡೆದುಹೋದ ಸ್ಕ್ರೀನ್ ಗಾರ್ಡ್ ತೆಗೆಸಿದರೆ ಅರ್ಧ ಸಮಸ್ಯೆ ಮುಗಿಯಿತು. ಅಂಗಡಿಯವರು ಗಾರ್ಡ್‌ಗಳನ್ನು ಅಸಲು ಬೆಲೆಗೇ ಹಾಕಿಕೊಟ್ಟರು. ತಾನು ಕಲಿಯಲಾರೆ ಎಂದುಕೊಂಡಿದ್ದ ಎಷ್ಟೋ ಜನಕ್ಕೆ ತಪ್ಪು ತಮ್ಮದಲ್ಲ, ಗಾಜಿನದು ಎಂದು ಗೊತ್ತಾಗಿದ್ದು ಆಗಲೇ.

ಹೈಸ್ಕೂಲ್ ಮಕ್ಕಳಿಗೆ ವಿಶೇಷ ಧನ್ಯವಾದ, ಅವರು ಮಾಡಿದ್ದಕ್ಕಿಂತ ಮಾಡದೆ ಬಿಟ್ಟಿದ್ದಕ್ಕೆ. 'ಕೊಡಜ್ಜಿ ಇಲ್ಲಿ, ನಾನ್ ಮಾಡ್ಕೊಡ್ತೀನಿ' ಅನ್ನುವ ಮಾತನ್ನು ತರಗತಿಯಲ್ಲಿ ನಿಷೇಧಿಸಿದ್ದೆವು. ಮಕ್ಕಳ ಕೈ ಬೆನ್ನ ಹಿಂದೆ ಇರಬೇಕು, ಬಾಯಲ್ಲಿ ಮಾತ್ರ ಹೇಳಬೇಕು. ಆ ವಯಸ್ಸಿನವರಿಗೆ ಇದು ಸಣ್ಣ ಶಿಕ್ಷೆಯಲ್ಲ. ಮೂರು ಸೆಕೆಂಡಿನ ಕೆಲಸಕ್ಕೆ ಅಜ್ಜಿ ಮೂರು ನಿಮಿಷ ತೆಗೆದುಕೊಳ್ಳುವುದನ್ನು ನೋಡುತ್ತ ನಿಲ್ಲಬೇಕು. ಹೇಳುವ ರೀತಿಯನ್ನೂ ಅವರೇ ತಿದ್ದಿಕೊಂಡರು. 'ಬ್ಯಾಕ್ ಹೋಗಿ' ಅಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. 'ಕೆಳಗೆ ಮೂರು ಗುರುತಿದೆಯಲ್ಲ, ಅದರಲ್ಲಿ ತ್ರಿಕೋಣದ್ದು' ಅಂದರೆ ತಕ್ಷಣ ಕೈ ಅಲ್ಲಿಗೇ ಹೋಗುತ್ತಿತ್ತು. ಪರದೆಯ ಮೇಲೆ ಬೆರಳು ಸರಿಸಿ ಹಿಂದೆ ಹೋಗುವ ಹೊಸ ಫೋನ್‌ಗಳಲ್ಲಿ ಮೊದಲು ಆ ಮೂರು ಗುರುತನ್ನು ವಾಪಸ್ ತರಿಸಿ. ಸೆಟ್ಟಿಂಗ್ಸ್‌ನಲ್ಲಿ ನ್ಯಾವಿಗೇಷನ್ ಎಂದು ಹುಡುಕಿದರೆ ಸಿಗುತ್ತದೆ. ಅದು ಇಲ್ಲದೆ ಪಾಠ ಶುರು ಮಾಡಬೇಡಿ ಅನ್ನುವುದು ನಮ್ಮ ಖಂಡಿತ ಅಭಿಪ್ರಾಯ.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಒಂದು ರೂಪಾಯಿ. ಒಕ್ಕೂಟದವರು ಅಭ್ಯಾಸಕ್ಕೆಂದೇ ನೂರು ರೂಪಾಯಿ ಎತ್ತಿಟ್ಟರು. ಎದುರಿನ ಟೀ ಅಂಗಡಿಯ ಅಣ್ಣ ತಮ್ಮ ಕ್ಯೂಆರ್‌ಗೆ ಎಷ್ಟು ಸಲ ಬೇಕಾದರೂ ಒಂದೊಂದು ರೂಪಾಯಿ ಹಾಕಿ ಅಂದರು. ಸಂಜೆ ಲೆಕ್ಕ ಹಾಕಿ ವಾಪಸ್ ಕಳಿಸುತ್ತಿದ್ದರು, ಅದೂ ಬೇರೆ ಬೇರೆ ನಂಬರಿಗೆ. ಹಾಗೆ ಕಳಿಸಿದ್ದರಿಂದಲೇ ದುಡ್ಡು ಬರುವುದು ಹೇಗೆ ಕಾಣುತ್ತದೆ ಎಂದು ಎಲ್ಲರಿಗೂ ನೋಡಲು ಸಿಕ್ಕಿತು. ಬರುವ ದುಡ್ಡಿಗೆ ಪಿನ್ ಒತ್ತಬೇಕಾಗಿಲ್ಲ, ಸ್ಕ್ಯಾನ್ ಮಾಡಬೇಕಾಗಿಲ್ಲ. ಪಿನ್ ಕೇಳಿತು ಅಂದರೆ ದುಡ್ಡು ಹೋಗುತ್ತಿದೆ, ಇಲ್ಲವೇ ಬ್ಯಾಲೆನ್ಸ್ ನೋಡುತ್ತಿದ್ದೀರಿ. ಇದನ್ನು ಹತ್ತು ಸಲ ಬಾಯಲ್ಲಿ ಹೇಳಿದಾಗ ಆಗದ್ದು ಆ ಒಂದು ರೂಪಾಯಿ ಬಂದಾಗ ಆಯಿತು. 'ನಿಮ್ಮ ಖಾತೆಗೆ ದುಡ್ಡು ಹಾಕ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ' ಎನ್ನುವವನ ಬಣ್ಣ ಬಯಲಾಗುವುದು ಇಲ್ಲಿಯೇ.

ಒಂದು ರೂಪಾಯಿ ಕಳಿಸುವಾಗ ಎಡವುವ ಜಾಗಗಳು ಯಾವಾಗಲೂ ಅವೇ. ಯುಪಿಐ ನೋಂದಣಿಗೆ ಫೋನ್ ತಾನೇ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ರೀಚಾರ್ಜ್ ಮುಗಿದಿದ್ದರೆ, ಅಥವಾ ಎರಡು ಸಿಮ್ಮಿನಲ್ಲಿ ಬ್ಯಾಂಕಿಗೆ ಕೊಡದ ಸಿಮ್ಮನ್ನು ಆರಿಸಿದರೆ ಅಲ್ಲೇ ನಿಂತುಬಿಡುತ್ತದೆ. ಜನ ಸರ್ವರ್ ಡೌನ್ ಅಂದುಕೊಳ್ಳುತ್ತಾರೆ. ಕ್ಯಾಮೆರಾ ಗಾಜಿಗೆ ಎಣ್ಣೆ ಕೈ ತಾಗಿ ಮಸುಕಾಗಿದ್ದರೆ ಕ್ಯೂಆರ್ ಹಿಡಿಯುವುದಿಲ್ಲ. ಸೆರಗಿನ ತುದಿಯಲ್ಲಿ ಒರೆಸಿ, ಒಂದು ಗೇಣು ದೂರ ಹಿಡಿಯಬೇಕು. ಪಿನ್ ಒತ್ತುವ ಮೊದಲು ತೆರೆಯ ಮೇಲೆ ಬರುವ ಹೆಸರು ಓದಬೇಕು, ಅದು ಬ್ಯಾಂಕಿನಲ್ಲಿರುವ ಹೆಸರು. ಟೀ ಅಂಗಡಿ ಅಣ್ಣನ ಖಾತೆ ಅವರ ಹೆಂಡತಿಯ ಹೆಸರಲ್ಲಿದೆ, ಹಾಗಾಗಿ ಪ್ರತಿ ಸಲವೂ ಯಾರಾದರೊಬ್ಬರು 'ಇದ್ಯಾರು?' ಅಂತ ಕೇಳಿದರು. ಹಾಗೆ ಕೇಳಿದವರಿಗೆ ಅಲ್ಲೇ ಪಾಸ್! ದುಡ್ಡು ಕಟ್ಟಾಗಿ ಆ ಕಡೆ ತಲುಪದಿದ್ದರೆ ಮತ್ತೊಮ್ಮೆ ಕಳಿಸಬೇಡಿ, ಮೊದಲು ಹಿಸ್ಟರಿ ನೋಡಿ. ಒಬ್ಬರಿಂದ ಒಬ್ಬರಿಗೆ ಕಳಿಸಿದ್ದು ಹೀಗೆ ನಡುವೆ ಸಿಕ್ಕಿಕೊಂಡರೆ ಮಾರನೆಯ ದಿನದೊಳಗೆ, ಅಂಗಡಿಗೆ ಕೊಟ್ಟಿದ್ದಾದರೆ 5 ದಿನದೊಳಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ.

ಫೋನಿನ ಹಿಂದಿನ ಕವರಿನೊಳಗೆ ಪಿನ್ ಬರೆದಿಟ್ಟ ಚೀಟಿಗಳ ವಿಷಯ ಹೆಚ್ಚು ಹೇಳುವುದಿಲ್ಲ. ಈಗ ಅವು ಅಲ್ಲಿಲ್ಲ.

ಬ್ಯಾಂಕ್ ಮಿತ್ರರು (ಊರಲ್ಲೇ ಬ್ಯಾಂಕಿನ ಪರವಾಗಿ ದುಡ್ಡು ಕೊಡುವ ಪ್ರತಿನಿಧಿಗಳು) ಬೆರಳಚ್ಚು ಪಡೆಯುವ ತಮ್ಮ ಯಂತ್ರ ತಂದು ಬಿಡುವಿದ್ದಾಗಲೆಲ್ಲ ಕೂತರು. ಬೆರಳಚ್ಚು ಹತ್ತದೆ ವಾಪಸ್ ಹೋಗುವ ಅವಮಾನ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಕಾಯಿ ಸುಲಿಯುವ, ಚಿಪ್ಪು ಬಿಡಿಸುವ ಕೈಯ ಹೆಬ್ಬೆರಳಲ್ಲಿ ಗೆರೆಯೇ ಉಳಿದಿರುವುದಿಲ್ಲ. ಎಲ್ಲರೂ ಹೆಬ್ಬೆರಳೇ ಇಡುತ್ತಾರೆ, ಅಲ್ಲೇ ತಪ್ಪುವುದು. ಆಧಾರ್‌ನಲ್ಲಿ ಹತ್ತೂ ಬೆರಳು ಇದೆ. ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿ, ಉಂಗುರದ ಬೆರಳು ಅಥವಾ ಎಡಗೈ ಬೆರಳು ಇಟ್ಟರೆ ಹೆಚ್ಚಿನವರಿಗೆ ಹತ್ತಿತು. ಯಾವ ಬೆರಳು ಹತ್ತಿತೋ ಅದನ್ನು ಪಾಸ್‌ಬುಕ್ಕಿನ ಹಿಂದೆ ಬರೆದುಕೊಟ್ಟರು. ಎಷ್ಟು ಸಣ್ಣ ಕೆಲಸ, ಎಷ್ಟು ಓಡಾಟ ಉಳಿಯಿತು! ಯಾವುದೂ ಹತ್ತದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಬೇಕು. ಪಿಎಂ-ಕಿಸಾನ್ ಇ-ಕೆವೈಸಿಯಂಥ ಕೆಲಸಕ್ಕೆ ಮುಖ ತೋರಿಸಿದರೂ ಆಗುತ್ತದೆ. ವಂಚನೆಗೆ ಹೆದರಿ ಆಧಾರ್‌ನಲ್ಲಿ ಬಯೋಮೆಟ್ರಿಕ್ (ಬೆರಳಚ್ಚು ಮುಂತಾದ ಗುರುತು) ಲಾಕ್ ಮಾಡಿಸಿದವರು ಒಂದು ನೆನಪಿಡಬೇಕು: ಲಾಕ್ ಇರುವವರೆಗೆ ಮಿತ್ರರ ಯಂತ್ರದಲ್ಲಿ ದುಡ್ಡು ಬರುವುದಿಲ್ಲ. ಖಾತೆ ಮುಚ್ಚಿದೆ ಎಂದು ಕಂಗಾಲಾಗಬೇಕಿಲ್ಲ, ತಾತ್ಕಾಲಿಕವಾಗಿ ತೆರೆದುಕೊಂಡರೆ ಸಾಕು.

'ನನ್ನ ಎರಡು ಸಾವಿರ ಎಲ್ಲಿ ಹೋಯ್ತು' ಎಂಬ ಪ್ರಶ್ನೆಗೂ ಉತ್ತರ ತೋರಿಸಿದ್ದು ಬ್ಯಾಂಕ್ ಮಿತ್ರರೇ. ಆಧಾರ್ ಮೂಲಕ ಬರುವ ಸರ್ಕಾರದ ಹಣ ಆಧಾರ್‌ಗೆ ಕೊನೆಯಲ್ಲಿ ಜೋಡಿಸಿದ ಬ್ಯಾಂಕಿಗೆ ಹೋಗುತ್ತದೆ, ನೀವು ದಿನಾ ಹೋಗುವ ಬ್ಯಾಂಕಿಗಲ್ಲ. ಸಾಲಕ್ಕೋ ಗ್ಯಾಸ್ ಸಬ್ಸಿಡಿಗೋ ಎಂದೋ ತೆರೆದು ಮರೆತ ಖಾತೆಯಲ್ಲಿ ಅದು ಬಿದ್ದಿರುತ್ತದೆ. ಮೈ ಆಧಾರ್ ಜಾಲತಾಣದಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿದರೆ ಬ್ಯಾಂಕಿನ ಹೆಸರು ಬರುತ್ತದೆ. ಅದಕ್ಕೆ ಓಟಿಪಿ ಬೇಕು, ಓಟಿಪಿ ಬರುವ ನಂಬರ್ ಕೈಯಲ್ಲಿರಬೇಕು. ತೊಂಬತ್ತು ದಿನ ಬಳಸದೆ ಬಿಟ್ಟ ಸಿಮ್ ನಿಂತುಹೋಗಿ ಆಮೇಲೆ ಬೇರೆಯವರ ಪಾಲಾಗಬಹುದು. ಹಾಗಾಗಿ ತಾಯಿಯ ಆಧಾರ್‌ನಲ್ಲಿದ್ದ ತಮ್ಮ ಹಳೆಯ ನಂಬರ್ ತೆಗೆಸಿ ತಾಯಿಯದೇ ನಂಬರ್ ಹಾಕಿಸಿಕೊಟ್ಟ ಗಂಡುಮಕ್ಕಳಿಗೂ ಇಲ್ಲಿ ಧನ್ಯವಾದ ಹೇಳಲೇಬೇಕು. ಅರ್ಧ ದಿನ ಕೂಲಿ ಬಿಟ್ಟು ಕೇಂದ್ರದ ಸಾಲಿನಲ್ಲಿ ನಿಂತವರೂ ಇದ್ದಾರೆ.

ಪಹಣಿಯ ಪಾಠ ಮಾಡಿದ್ದು ನಿವೃತ್ತ ಗ್ರಾಮ ಲೆಕ್ಕಾಧಿಕಾರಿಗಳು. ಭೂಮಿ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ತನಕ ಎಲ್ಲರೂ ಬರುತ್ತಾರೆ. ಮುಂದೆ 'ಸರ್ನಾಕ್' ಎಂಬಲ್ಲಿ ಕಂಗೆಟ್ಟು ನಿಲ್ಲುತ್ತಾರೆ. ಅಲ್ಲಿ ಸಾಮಾನ್ಯವಾಗಿ ಒಂದು ನಕ್ಷತ್ರದ ಗುರುತಿರುತ್ತದೆ, ಅದನ್ನೇ ಆರಿಸಿ ಹಿಸ್ಸಾ ನಂಬರಿಗೆ (ಸರ್ವೆ ನಂಬರಿನೊಳಗಿನ ಪಾಲಿನ ಸಂಖ್ಯೆ) ಹೋಗಬೇಕು. ಸುಮ್ಮನೆ ನೋಡುವುದಕ್ಕೆ ದುಡ್ಡಿಲ್ಲ, ಕಚೇರಿಗೆ ಕೊಡುವ ಪ್ರತಿಗೆ ಮಾತ್ರ ಶುಲ್ಕ. ತಮ್ಮ ಹೆಸರು ಪರದೆಯ ಮೇಲೆ ಕಂಡ ಕೂಡಲೇ ಒಂಬತ್ತನೇ ಕಾಲಂ (ಜಮೀನು ಯಾರ ಹೆಸರಲ್ಲಿದೆ), ಹನ್ನೊಂದನೇ ಕಾಲಂ (ಇತರ ಹಕ್ಕು, ಋಣ) ಎಂದು ಚರ್ಚೆ ಶುರುವಾಗಿ, ಅಂದಿನ ತರಗತಿ ನಾಲ್ಕಕ್ಕೆ ಮುಗಿಯಲಿಲ್ಲ ಅನ್ನಿ.

ಠಾಣೆಯಿಂದ ಬಂದು ಮಾತಾಡಿದ ಬೀಟ್ ಪೊಲೀಸರಿಗೆ ಕೃತಜ್ಞತೆ. ಪೊಲೀಸರು ವಿಡಿಯೊ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ ಎಂದು ಸಮವಸ್ತ್ರದಲ್ಲಿ ನಿಂತು ಹೇಳಿದಾಗ ಅದರ ತೂಕವೇ ಬೇರೆ. ಮೋಸ ಹೋದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಯಾಕೆ ತಡಮಾಡಬಾರದು ಅಂದರೆ, ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಲೇ ಇರುತ್ತಾರೆ. ಇನ್ನೂ ಖಾತೆಯಲ್ಲಿದ್ದರೆ ತಡೆಹಿಡಿಯಬಹುದು, ಎಟಿಎಂನಿಂದ ಹೊರಬಿದ್ದ ಮೇಲೆ ಕಷ್ಟ. ಕರೆ ಮಾಡುವಾಗ ಮೊತ್ತ, ಹೊತ್ತು, ಬ್ಯಾಂಕು ಮತ್ತು 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ ಕೈಯಲ್ಲಿರಬೇಕು. ಆ ಸಂಖ್ಯೆ ಎಲ್ಲಿದೆ ಎಂದು ಒಂದು ರೂಪಾಯಿಯ ವಹಿವಾಟಿನಲ್ಲೇ ಹುಡುಕಿಸಿದೆವು. ಮದುವೆ ಕರೆಯೋಲೆ, ಟ್ರಾಫಿಕ್ ದಂಡ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಫೈಲು ಫೋಟೊ ಅಲ್ಲ, ಆ್ಯಪ್. ಒತ್ತಿದಾಗ 'ಇನ್‌ಸ್ಟಾಲ್' ಎಂದು ಕೇಳಿದರೆ ಅಲ್ಲಿಗೇ ಬಿಡಬೇಕು. ವಾಟ್ಸ್‌ಆ್ಯಪ್‌ನಿಂದ ಆ್ಯಪ್ ಹಾಕಿಕೊಳ್ಳುವ ಅನುಮತಿಯನ್ನು ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಒಳಗೆ ಆಫ್ ಮಾಡಿದರೆ ಕೈತಪ್ಪಿ ಒತ್ತಿದರೂ ಅಪಾಯ ಕಡಿಮೆ.

ಇದೇ ವಿಷಯದಲ್ಲಿ, ದುಡ್ಡು ಕಳೆದುಕೊಂಡಿದ್ದನ್ನು ಎಲ್ಲರೆದುರು ಎದ್ದು ನಿಂತು ಹೇಳಿದ ಇಬ್ಬರು ಅಕ್ಕಂದಿರಿಗೆ ನಾವು ಯಾವ ಮಾತಲ್ಲಿ ಧನ್ಯವಾದ ಹೇಳುವುದೋ ತಿಳಿಯದು. ಮನೆಯಲ್ಲಿ ಬೈಸಿಕೊಂಡಿದ್ದರೂ, ಕರೆ ಮಾಡಿದವನು ಏನು ಕೇಳಿದ, ತಾವೇನು ಒತ್ತಿದೆವು ಎಂದು ಹೆಜ್ಜೆ ಹೆಜ್ಜೆಯಾಗಿ ಹೇಳಿದರು. ಅವರು ಹೇಳಿದ ಮೇಲೆ ಬೇರೆಯವರೂ ಬಾಯಿಬಿಟ್ಟರು. ನಮ್ಮ ಯಾವ ಪಾಠಕ್ಕೂ ಅಷ್ಟು ಕಿವಿಗೊಟ್ಟವರನ್ನು ನಾವು ನೋಡಿಲ್ಲ.

ಇನ್ನು ಗುಡ್ ಮಾರ್ನಿಂಗ್ ಚಿತ್ರಗಳನ್ನು ಕಳಿಸುವ ಬಂಧುಬಳಗಕ್ಕೆ ಧನ್ಯವಾದವಿಲ್ಲ, ಒಂದು ವಿನಂತಿಯಷ್ಟೇ: ದಯವಿಟ್ಟು ಕಡಿಮೆ ಮಾಡಿ. ಮೆಮೊರಿ ತುಂಬಿದ ಫೋನ್ ನಿಧಾನವಾಗುತ್ತದೆ, ಆ್ಯಪ್ ಅಪ್‌ಡೇಟ್ ಆಗುವುದಿಲ್ಲ, ಹಳೆಯದಾದ ಬ್ಯಾಂಕ್ ಆ್ಯಪ್ ತೆರೆಯಲು ಒಪ್ಪುವುದಿಲ್ಲ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ 'ಸ್ಟೋರೇಜ್ ಅಂಡ್ ಡೇಟಾ' ಒಳಗೆ ಆಟೊ ಡೌನ್‌ಲೋಡ್‌ನ ಗುರುತುಗಳನ್ನೆಲ್ಲ ತೆಗೆದರೆ ಬೇಕಾದ ಚಿತ್ರ ಮಾತ್ರ ಇಳಿಯುತ್ತದೆ.

ಮುಂದಿನ ತಂಡದ ಹೆಸರು ಬರೆಸುವುದು ಗ್ರಂಥಪಾಲಕಿಯ ಬಳಿ ನಡೆಯುತ್ತಿದೆ. ಬರುವಾಗ ಫೋನ್, ಅದರದೇ ಚಾರ್ಜರ್, ರೀಚಾರ್ಜ್ ಇರುವ ಸಿಮ್ ತನ್ನಿ. ಕನ್ನಡಕ ಮರೆಯಬೇಡಿ; ಕಳೆದ ತಂಡದಲ್ಲಿ ಒಂದೇ ಕನ್ನಡಕ ಮೇಜು ಸುತ್ತಿದೆ. ಜತೆಗೆ ಬರುವ ಮಕ್ಕಳು ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಲು ತಯಾರಾಗಿಯೇ ಬರಲಿ.

ಇಂತಿ,
ಮಂಗಳವಾರದ ತರಗತಿಯ ಸಹಾಯಕರು