ಚೀನೀ ವೈದ್ಯ: ಪರೀಕ್ಷೆಯ ಫಲವನ್ನೂ ಪ್ರಕಟಿಸಿ

ಮಾನ್ಯ ಸಂಪಾದಕರೇ,

ಮಕ್ಕಳಾಗದ ಹೆಣ್ಣುಮಕ್ಕಳಿಗೆ ಚೀನಾದ ಸಾಂಪ್ರದಾಯಿಕ ವೈದ್ಯ ವರದಾನವೆಂಬ ಧಾಟಿಯ ಬರಹಗಳು ಆರೋಗ್ಯ ಪುರವಣಿಗಳಲ್ಲಿ ಆಗಾಗ ಕಾಣಿಸುತ್ತವೆ. ಆ ಪದ್ಧತಿ ಎಷ್ಟು ಪ್ರಾಚೀನವೆಂಬ ವರ್ಣನೆ ಅವುಗಳಲ್ಲಿ ಇರುತ್ತದೆ. ಚೀನಾದ ವೈದ್ಯರೇ ಅದನ್ನು ಒರೆಗೆ ಹಚ್ಚಿದಾಗ ಏನು ಕಂಡುಬಂತು ಎಂಬುದು ಇರುವುದಿಲ್ಲ.

ಹಾರ್ಬಿನ್ ನಗರದ ಹೇಲಾಂಗ್‌ಜಿಯಾಂಗ್ ಚೀನೀ ವೈದ್ಯಕೀಯ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ, ಅಂಡೋತ್ಪತ್ತಿಯನ್ನು ಕೆಡಿಸುವ ಹಾರ್ಮೋನು ತೊಂದರೆಯಾದ ಪಿಸಿಒಎಸ್‌ನಿಂದಾಗಿ ಬಸಿರು ನಿಲ್ಲದ 1,000 ಮಹಿಳೆಯರ ಮೇಲೆ ಚೀನಾದ ಹಲವು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ ಹೊಟ್ಟೆ ಮತ್ತು ಕಾಲುಗಳಲ್ಲಿ ಶಾಸ್ತ್ರೋಕ್ತವಾಗಿ ಸೂಜಿ ಚುಚ್ಚಿ (ಅಕ್ಯುಪಂಕ್ಚರ್), ಅದಕ್ಕೆ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿದರು. ಉಳಿದವರಿಗೆ ಭುಜ, ತೋಳುಗಳಲ್ಲಿ ಚಿಕಿತ್ಸೆಗೆ ಸಂಬಂಧವಿಲ್ಲದ ಜಾಗದಲ್ಲಿ ಮೇಲುಮೇಲೆ ಚುಚ್ಚಿ, ತಂತಿ ಸಿಕ್ಕಿಸಿ, ವಿದ್ಯುತ್ ಮಾತ್ರ ಹರಿಸಲಿಲ್ಲ. ಯಾರಿಗೆ ಯಾವ ಚಿಕಿತ್ಸೆ ಎಂಬುದು ಮಹಿಳೆಯರಿಗೆ ತಿಳಿದಿರಲಿಲ್ಲ. ಎರಡೂ ಗುಂಪುಗಳಲ್ಲಿ ಕೆಲವರಿಗೆ ಅಂಡೋತ್ಪತ್ತಿಗೆ ನೆರವಾಗುವ ಕ್ಲೋಮಿಫೀನ್ ಮಾತ್ರೆಯನ್ನೂ, ಕೆಲವರಿಗೆ ಔಷಧವಿಲ್ಲದ ಬರಿ ಮಾತ್ರೆಯನ್ನೂ ಕೊಟ್ಟರು. ನಿಜವಾದ ಸೂಜಿ ಚಿಕಿತ್ಸೆ ಪಡೆದವರಲ್ಲಿ ಶೇ 21.8, ತೋರಿಕೆಯದನ್ನು ಪಡೆದವರಲ್ಲಿ ಶೇ 22.4 ಮಂದಿಗೆ ಮಗುವಾಯಿತು. ಕ್ಲೋಮಿಫೀನ್ ತೆಗೆದುಕೊಂಡವರಲ್ಲಿ ಈ ಪ್ರಮಾಣ ಶೇ 28.7, ಬರಿ ಮಾತ್ರೆ ನುಂಗಿದವರಲ್ಲಿ ಶೇ 15.4. ತಮ್ಮ ವಿದ್ಯೆಯನ್ನೇ ಪರೀಕ್ಷೆಗೊಡ್ಡಿ, ಬಂದ ಫಲವನ್ನು ಇದ್ದಂತೆಯೇ ಪ್ರಕಟಿಸಿದ ಆ ವೈದ್ಯರ ಬಗ್ಗೆ ನನಗೆ ಬಹಳ ಗೌರವವಿದೆ.

ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಜೊತೆಗಿನ ಸೂಜಿ ಚಿಕಿತ್ಸೆಯ ಕಥೆಯೂ ಇದೇ. 2002ರಲ್ಲಿ ಜರ್ಮನಿಯ 160 ಮಹಿಳೆಯರ ಅಧ್ಯಯನವೊಂದು ಬಹಳ ಆಸೆ ಹುಟ್ಟಿಸಿತ್ತು. 2018ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ 848 ಮಹಿಳೆಯರಲ್ಲಿ, ತೋರಿಕೆಯ ಚಿಕಿತ್ಸೆಯೊಂದಿಗೆ ಹೋಲಿಸಿ ನೋಡಿದಾಗ ಮಗುವಾದವರ ಪ್ರಮಾಣ ನಿಜವಾದ ಸೂಜಿ ಚಿಕಿತ್ಸೆಯಲ್ಲಿ ಶೇ 18.3, ತೋರಿಕೆಯದರಲ್ಲಿ ಶೇ 17.8, ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಗಿಡಮೂಲಿಕೆಗಳ ವಿಷಯದಲ್ಲಿ ಇಷ್ಟು ಗಟ್ಟಿಯಾದ ಪರೀಕ್ಷೆಗಳೇ ಕಡಿಮೆ. ಅಪಾಯದ ದಾಖಲೆ ಮಾತ್ರ ಗಟ್ಟಿಯಾಗಿದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ತೂಕ ಇಳಿಸುವ ಚಿಕಿತ್ಸಾಲಯವೊಂದರಲ್ಲಿ ಒಂದು ಚೀನೀ ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಜಾತಿಯ ಇನ್ನೊಂದು ಮೂಲಿಕೆ ಬೆರೆತು, ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಬಸಿರಾಗುವ ಹಂಬಲದಲ್ಲಿ ತಿಂಗಳುಗಟ್ಟಲೆ ಕಷಾಯ ಕುಡಿಯುವವರಿಗೆ ಈ ಸಂಗತಿ ತಿಳಿದಿರಬೇಕು.

ಇದರಿಂದ ಚೀನೀ ವೈದ್ಯವೆಲ್ಲ ಟೊಳ್ಳೆಂದು ನಾನು ಹೇಳುತ್ತಿಲ್ಲ. ಹಳೆಯ ವೈದ್ಯಗ್ರಂಥದ ಸುಳಿವು ಹಿಡಿದು ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕಂಡುಹಿಡಿದ ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಆ ಔಷಧವನ್ನು ಜಗತ್ತು ಒಪ್ಪಿದ್ದು ಅದು ಪರೀಕ್ಷೆಯಲ್ಲಿ ಗೆದ್ದಮೇಲೆ.

ವೃತ್ತಿಯಲ್ಲಿದ್ದಾಗ ನನ್ನನ್ನು ಹೆಚ್ಚು ಕಾಡಿದ್ದು ಹಣಕ್ಕಿಂತ ಕಾಲದ ನಷ್ಟ. ಅಂಡನಾಳ ಮುಚ್ಚಿಹೋಗಿದ್ದರೆ ಅದನ್ನು ಕಷಾಯದಿಂದ ತೆರೆಯಲಾಗದು. ಗಂಡನ ವೀರ್ಯಾಣುಗಳ ಸಂಖ್ಯೆ ಕಡಿಮೆಯಿದ್ದರೆ ಹೆಂಡತಿಗೆ ಸೂಜಿ ಚುಚ್ಚಿ ಫಲವಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಮೊದಲು ಮದ್ದು ಕುಡಿಯಬೇಕಾದವಳು ಸೊಸೆ, ಕೊನೆಗೆ ಪರೀಕ್ಷೆಗೆ ಬರುವವನು ಮಗ. ಅಷ್ಟರಲ್ಲಿ ಅವಳಿಗೆ ಮೂವತ್ತೈದು ದಾಟಿರುತ್ತದೆ, ಮುಂದಿನ ಯಾವ ಚಿಕಿತ್ಸೆಯ ಫಲವೂ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ.

ಆದ್ದರಿಂದ ಇಂಥ ಬರಹಗಳನ್ನು ಪ್ರಕಟಿಸುವಾಗ, ಆ ಚಿಕಿತ್ಸೆಯನ್ನು ತೋರಿಕೆಯ ಚಿಕಿತ್ಸೆಯೊಂದಿಗೆ ಹೋಲಿಸಿ ನೋಡಿದ್ದಾರೆಯೇ ಎಂಬುದನ್ನು ಲೇಖಕರಿಂದ ಕೇಳಿ ಪಡೆದು ಜೊತೆಯಲ್ಲೇ ಮುದ್ರಿಸಬೇಕೆಂದು ವಿನಂತಿಸುತ್ತೇನೆ. ವರ್ಷವಾದರೂ ಬಸಿರು ನಿಲ್ಲದಿದ್ದರೆ, ಮೂವತ್ತೈದು ದಾಟಿದವರು ಆರು ತಿಂಗಳಿಗೇ, ಗಂಡ ಹೆಂಡತಿ ಇಬ್ಬರೂ ಪರೀಕ್ಷೆಗೆ ಹೋಗಬೇಕೆಂಬ ಮಾತೂ ಅಲ್ಲಿರಲಿ. ಈಗಾಗಲೇ ಮೂಲಿಕೆ ಸೇವಿಸುತ್ತಿರುವವರು ಅದನ್ನು ಮುಚ್ಚಿಡದೆ, ಪೊಟ್ಟಣವನ್ನೇ ಕೊಂಡೊಯ್ದು ವೈದ್ಯರಿಗೆ ತೋರಿಸಲಿ.

ಇತಿ,
ನಿವೃತ್ತ ಸ್ತ್ರೀರೋಗ ತಜ್ಞೆ, ಧಾರವಾಡ