ಗುಡ್ಡದ ಕಾಲುದಾರಿ ಮತ್ತು ತಪ್ಪಲಿನ ಉದ್ಯಾನದ ದುಸ್ಥಿತಿ: ಐದನೇ ಮನವಿ

ಇವರಿಗೆ,
ಅಧ್ಯಕ್ಷರು, ಸದಸ್ಯರು ಹಾಗೂ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ.

ಇವರಿಂದ,
ಗುಡ್ಡದ ತಪ್ಪಲಿನ ನಿವಾಸಿಗಳು,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ.

ವಿಷಯ: ಮುಂಗಾರು ಹಿಡಿಯುವ ಮುಂಚೆ ಕಾಲುದಾರಿಯ ನೀರು ತಿರುಗಿಸುವ ಕೆಲಸ ಮಾಡಿಸುವ ಬಗ್ಗೆ. (ಗುಡ್ಡದ ಬುಡದ ಸ್ವಾಗತ ಕಮಾನಿಗೆ ಬಣ್ಣ ಬಳಿಸುವ ಬಗ್ಗೆ ಅಲ್ಲ.)

ಉಲ್ಲೇಖ: ಇದೇ ವಿಷಯದ ನಮ್ಮ ಹಿಂದಿನ ನಾಲ್ಕು ಮನವಿಗಳು. ಲಿಖಿತ ಉತ್ತರ ಬಂದದ್ದು ಒಂದಕ್ಕೆ, ಅದೂ ಒಂದೇ ಸಾಲು: "ಪರಿಶೀಲಿಸಲಾಗುವುದು."

ಮಾನ್ಯರೆ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಏನೆಂದರೆ, ಮೂರನೇ ತಿರುವಿನಲ್ಲಿ ಈಗ ದಾರಿ ಎಂಬುದಿಲ್ಲ, ಕೊರಕಲು ಇದೆ. ಮೂರಡಿ ಅಗಲ, ಆಳ ಸೊಂಟದವರೆಗೆ. ಎರಡೂ ಬದಿಯ ಗೋಡೆಯಲ್ಲಿ ಹುಲ್ಲಿನ ಬೇರು ಜೋಲುತ್ತಿದೆ. ತಳದ ಮಣ್ಣೆಲ್ಲ ತೊಳೆದು ಬರೀ ಉರುಟುಕಲ್ಲು ಉಳಿದಿದ್ದು, ಕಾಲಿಟ್ಟರೆ ಉರುಳುತ್ತವೆ. ಆ ಮಣ್ಣು ಎಲ್ಲಿ ಹೋಯಿತೆಂದು ತಿಳಿಯಬೇಕಾದರೆ ಕೆಳಗಿನ ಮೋರಿಯನ್ನೊಮ್ಮೆ ಬಗ್ಗಿ ನೋಡಿ, ಅರ್ಧ ಹೂತಿದೆ. ಮೋರಿ ದಾಟಿದ್ದು ಗದ್ದೆಗೆ, ಗದ್ದೆಯಿಂದ ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೆ, ಕೊನೆಗೆ ಗೊರೂರು ಅಣೆಕಟ್ಟೆಗೆ. ಬಾಟಲಿ, ಚಿಪ್ಸ್ ಕವರುಗಳ ಪ್ರಯಾಣವೂ ಇದೇ ಮಾರ್ಗದಲ್ಲಿ.

ಮೊದಲ ಮನವಿ ಕೊಟ್ಟಾಗ ಈ ಕೊರಕಲಲ್ಲಿ ಪಾದ ಮುಳುಗುತ್ತಿತ್ತು. ಎರಡನೆಯದಕ್ಕೆ ಮೀನಖಂಡ, ಮೂರನೆಯದಕ್ಕೆ ಮೊಣಕಾಲು, ನಾಲ್ಕನೆಯದಕ್ಕೆ ತೊಡೆ. ತಮ್ಮ ಕಡತದಲ್ಲಿ ಪತ್ರಗಳ ಕ್ರಮ ತಪ್ಪಿದ್ದರೆ ಈ ಲೆಕ್ಕದಲ್ಲಿ ಜೋಡಿಸಿಕೊಳ್ಳಬಹುದು. ಮೊದಲನೆಯದಕ್ಕೆ "ಅನುದಾನವಿಲ್ಲ" ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದಿರಿ. ಅದೇ ವರ್ಷ ಬುಡದಲ್ಲಿ ಸ್ವಾಗತ ಕಮಾನು ಎದ್ದಿತು. ಎರಡನೆಯದನ್ನು "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದು ಬೇರೊಂದು ಇಲಾಖೆಗೆ ದಾಟಿಸಿದಿರಿ. ಅವರು ಇನ್ನೊಂದಕ್ಕೆ ದಾಟಿಸಿದರು, ಆ ಇನ್ನೊಂದು ತಮಗೇ ವಾಪಸ್ ಕಳಿಸಿತು. ಗುಡ್ಡ ಯಾರದ್ದೆಂದು ತೀರ್ಮಾನವಾಗಿಲ್ಲ, ಪಾರ್ಕಿಂಗ್ ಹಣ ಯಾರದ್ದೆಂಬುದರಲ್ಲಿ ಮಾತ್ರ ಯಾರಿಗೂ ಗೊಂದಲವಿಲ್ಲ. ಮೂರನೆಯ ಪತ್ರಕ್ಕೆ ಸ್ಥಳ ಪರಿಶೀಲನೆ ನಡೆಯಿತು. ಜೀಪು ಕಮಾನಿನ ತನಕ ಬಂತು, ಫೋಟೊ ತೆಗೆದರು, ಜೀಪು ಹೋಯಿತು. ನಾಲ್ಕನೆಯದನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿದೆವು. ನಡಾವಳಿಯ ಪ್ರತಿ ಕೇಳಿದರೆ ಪುಸ್ತಕ ಆಡಿಟ್‌ಗೆ ಹೋಗಿದೆಯಂತೆ, ಇನ್ನೂ ಬಂದಿಲ್ಲ.

"ಜನ ಜಾಸ್ತಿ, ಅದಕ್ಕೇ ದಾರಿ ಹಾಳು" ಎಂಬುದು ತಮ್ಮ ಕಾಯಂ ಉತ್ತರ. ಜನ ಹುಲ್ಲು ತುಳಿದು ಮಣ್ಣು ಬಯಲು ಮಾಡುತ್ತಾರೆ, ನಿಜ. ಆದರೆ ಕೊರೆಯುವುದು ನೀರು. ದನಗಾಹಿಗಳು ಸವೆಸಿದ ಹಳೆಯ ದಾರಿ ಗುಡ್ಡದ ಮೈಗೆ ಅಡ್ಡಡ್ಡ ಸುತ್ತಿಕೊಂಡು ಏರುತ್ತಿತ್ತು. ಮೇಲಿಂದ ಬಂದ ನೀರು ದಾರಿಯನ್ನು ದಾಟಿ ಆಚೆ ಹುಲ್ಲಿಗೆ ಇಳಿಯುತ್ತಿತ್ತು. ಗುಡ್ಡದ ಇಳಿಜಾರು ಎಷ್ಟಿದೆಯೋ ಅದರ ಅರ್ಧವನ್ನು ದಾರಿಯ ಏರು ಮೀರಬಾರದು. ಮೀರಿದರೆ ನೀರು ಹೊರಗೆ ಹೋಗದೆ ದಾರಿಯನ್ನೇ ಚರಂಡಿ ಮಾಡಿಕೊಳ್ಳುತ್ತದೆ. ತಿರುವು ತಪ್ಪಿಸಲು ಪ್ರವಾಸಿಗರು ನೇರ ಏರುವ ಒಳದಾರಿ ಹಿಡಿದರು. ಅದನ್ನು ಮುಚ್ಚುವ ಬದಲು ತಾವು ಅದರ ಮೇಲೆಯೇ ಮೆಟ್ಟಿಲು ಕಟ್ಟಿಸಿದಿರಿ. ಇದನ್ನು ತಿಳಿಯಲು ಇಂಜಿನಿಯರೇ ಆಗಬೇಕಿಲ್ಲ. ಇಳಿಜಾರಿನ ಕಾಫಿ ತೋಟದಲ್ಲಿ ಸಾಲಿನ ನಡುವೆ ಮಳೆನೀರು ತಡೆಯುವ ತೊಟ್ಟಿಲುಗುಂಡಿ ಏಕೆ ತೆಗೆಸುತ್ತಾರೆಂದು ತೋಟದ ಯಾವ ರೈಟರನ್ನು (ಗುಮಾಸ್ತರನ್ನು) ಕೇಳಿದರೂ ಹೇಳುತ್ತಾರೆ.

ಆ ಮೆಟ್ಟಿಲಿನ ಗತಿಯನ್ನೂ ಕೇಳಿ. ಒಂದೊಂದರ ಎತ್ತರ ಹತ್ತು ಇಂಚು. ಹತ್ತುವವರಿಗೆ ಏದುಸಿರು, ಇಳಿಯುವವರಿಗೆ ಮಂಡಿನೋವು. ಹಾಗಾಗಿ ಎಲ್ಲರೂ ಮೆಟ್ಟಿಲು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ನಡೆದು, ಮೂರಡಿಯ ದಾರಿ ಒಂಬತ್ತಡಿಯಾಗಿದೆ. ಆರು ಇಂಚು ಎತ್ತರ, ಒಂದೂಕಾಲು ಅಡಿ ಅಗಲ ಇಟ್ಟಿದ್ದರೆ ಈ ಗೋಳಿರುತ್ತಿರಲಿಲ್ಲ. ಅಡಿಗೆ ಕಲ್ಲಿನ ಹಾಸು ಹಾಕಿಲ್ಲ, ಬದಿಗೆ ಚರಂಡಿ ಬಿಟ್ಟಿಲ್ಲ, ಮಾರ್ಚ್ 31ರ ಬಿಲ್ಲಿಗೆ ಅವಸರದಲ್ಲಿ ಸುರಿದ ಕಾಂಕ್ರೀಟು. ಮೊದಲ ಮಳೆಗಾಲದಲ್ಲೇ ನೀರು ಅಡಿಯ ಮಣ್ಣೆಳೆದುಕೊಂಡು ಹೋಯಿತು. ಹದಿನೇಳನೇ ಮೆಟ್ಟಿಲ ಕೆಳಗೆ ಈಗ ಮೊಣಕೈವರೆಗೆ ಕೈ ತೂರುತ್ತದೆ. ಮೇಲೆ ನಿಂತು ಹಿಮ್ಮಡಿಯಿಂದ ತಟ್ಟಿದರೆ ಖಾಲಿ ಡ್ರಮ್ಮಿನ ಸದ್ದು. ಅಂಚಿನ ಕಬ್ಬಿಣದ ಕಂಬಿಯೂ ಅಷ್ಟೆ, ಬುಡದ ಸಿಮೆಂಟನ್ನು ನೆಲಮಟ್ಟಕ್ಕೆ ನಿಲ್ಲಿಸಿದ್ದರಿಂದ ನೀರು ಅಲ್ಲೇ ನಿಂತು ಪೈಪು ಬುಡದಲ್ಲೇ ತುಕ್ಕು ಹಿಡಿದಿದೆ. ಮೇಲೆ ಹಳದಿ ಬಣ್ಣ ಫಳಫಳ ಹೊಳೆಯುತ್ತಿರುವುದರಿಂದ ಪ್ರಪಾತದ ಬದಿಯಲ್ಲಿ ಜನ ನಂಬಿ ಒರಗುತ್ತಾರೆ. ಕಂಬಿಯೇ ಇಲ್ಲದಿದ್ದರೆ ಕನಿಷ್ಠ ಎಚ್ಚರಿಕೆಯಿಂದಿರುತ್ತಿದ್ದರು.

ಆಗಬೇಕಾದ ಕೆಲಸ ದೊಡ್ಡದಲ್ಲ, ಹಿಟಾಚಿ ಬೇಡವೇ ಬೇಡ. ಹಿಟಾಚಿ ತಂದರೆ ಧರೆ, ಅಂದರೆ ಗುಡ್ಡದ ಕಡಿದಾದ ಬದಿ, ಕಡಿಯುತ್ತೀರಿ. ಕಡಿದ ಧರೆ ಏನು ಮಾಡುತ್ತದೆಂದು 2019ರ ಆಗಸ್ಟ್‌ನ ಗುಡ್ಡಕುಸಿತದಲ್ಲಿ ಈ ತಾಲ್ಲೂಕು ನೋಡಿದೆ. ಬೇಕಾದದ್ದು ಹಾರೆ, ಗುದ್ದಲಿ, ಕಾಡುಕಲ್ಲು ಮತ್ತು ಕಲ್ಲು ಕಟ್ಟಲು ಬರುವ ಎಂಟು ಆಳು. ದಾರಿಗೆ ಓರೆಯಾಗಿ, ಇಳಿಮುಖಕ್ಕೆ ವಾಲಿಸಿ ಕಲ್ಲಿನ ಅಡ್ಡಸಾಲು ಹಾಕಬೇಕು. ಒಂದೂವರೆ ಅಡಿಯ ಕಲ್ಲಾದರೆ ಒಂದಡಿ ನೆಲದೊಳಗಿರಬೇಕು, ಎರಡೂ ತುದಿ ದಾರಿಯ ಅಂಚಿನಿಂದ ಒಂದಡಿ ಆಚೆ ಚಾಚಿರಬೇಕು. ನೇರ ಅಡ್ಡ ಇಟ್ಟರೆ ಹಿಂದೆ ಹೂಳು ತುಂಬಿ ನೀರು ಮೇಲೆ ಹಾರುತ್ತದೆ. ಕಡಿದಾದಲ್ಲಿ ಹನ್ನೆರಡು ಮೀಟರಿಗೊಂದು, ಸಾಧಾರಣ ಏರಿನಲ್ಲಿ ಇಪ್ಪತ್ತೈದಕ್ಕೊಂದು ಸಾಕು. ಅಡ್ಡಸಾಲಿನ ನೀರು ಹೊರಬೀಳುವ ಬಾಯಿಯ ಮುಂದೆ ಕಲ್ಲುಹಾಸು ಕಡ್ಡಾಯ, ಇಲ್ಲವಾದರೆ ಅಲ್ಲೊಂದು ಹೊಸ ಕೊರಕಲು ಹುಟ್ಟುತ್ತದೆ. ನಡುವಿನ ದಾರಿಯನ್ನು ಹೊರಮೈಗೆ ವಾಟ ಕೊಟ್ಟು ಕೆತ್ತಬೇಕು, ಮೂರಡಿ ದಾರಿಗೆ ಎರಡು ಇಂಚು ಇಳಿತ. ಮತ್ತೆ, ಹಾಕಿ ಮರೆಯುವ ಕೆಲಸ ಇದಲ್ಲ: ಜೂನ್ ಕೊನೆಯ ಆರಿದ್ರೆ ಮಳೆಗೆ ಮುಂಚೆ ಒಮ್ಮೆ, ಮಳೆಯ ಬಿಡುವಿನಲ್ಲಿ ಇನ್ನೆರಡು ಸಲ ಹೂಳು ಎತ್ತದಿದ್ದರೆ ಇದ್ದೂ ಇಲ್ಲದಂತೆ.

ಕೊರಕಲಿಗೆ ಮಣ್ಣು ತುಂಬಿಸುವ ಉಪಾಯ ಮಾತ್ರ ಬೇಡ, ಹೋದ ಸಲ ಎರಡು ಟ್ರ್ಯಾಕ್ಟರ್ ಮಣ್ಣು ಸುರಿದಿರಿ, ಒಂದೇ ಮಳೆಗೆ ಗದ್ದೆ ಸೇರಿತು. ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಕಲ್ಲಿನ ಸಣ್ಣ ಒಡ್ಡು ಕಟ್ಟುತ್ತ ಹೋದರೆ ಹೂಳು ತಾನಾಗಿ ತುಂಬುತ್ತದೆ. ಒಳದಾರಿಯ ಮೇಲುಬಾಯಿ, ಕೆಳಬಾಯಿ ಎರಡನ್ನೂ ಮುಳ್ಳುಕಂಟಿಯಿಂದ ಮುಚ್ಚಿ, ಅಲ್ಲಿಯದೇ ಹುಲ್ಲನ್ನು ಬೇರು, ಮಣ್ಣು ಸಮೇತ ತಂದು ಕೂರಿಸಿ. ಬೋರ್ಡು ನೆಟ್ಟರೆ ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡು ಅದೇ ದಾರಿಯಲ್ಲಿ ಹತ್ತುತ್ತಾರೆ.

ಈ ಅವಸರಕ್ಕೆ ಕಾರಣವಿದೆ. 2024ರಲ್ಲಿ ಸರ್ಕಾರ ಅರಣ್ಯದ ಚಾರಣ ದಾರಿಗಳಿಗೆ ಆನ್‌ಲೈನ್ ಬುಕಿಂಗ್ ತಂದು ಒಂದು ದಾರಿಗೆ ದಿನಕ್ಕೆ 300 ಮಂದಿಯ ಮಿತಿ ಹಾಕಿತು. 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಹೋಗುವ ವಾಹನಗಳಿಗೂ ನೋಂದಣಿ ಬಂತು. ಒಳ್ಳೆಯದೇ. ಆದರೆ ಅಲ್ಲಿ ಸ್ಲಾಟ್ ಸಿಗದವರು ಮನೆಗೆ ವಾಪಸ್ ಹೋಗುವುದಿಲ್ಲ, ಯಾವ ಪಟ್ಟಿಯಲ್ಲೂ ಇಲ್ಲದ ನಮ್ಮ ಗುಡ್ಡ ಹುಡುಕಿಕೊಂಡು ಬರುತ್ತಾರೆ. ಶನಿವಾರ, ಭಾನುವಾರ ಕಮಾನಿನಿಂದ ಬಸ್ ನಿಲ್ದಾಣದವರೆಗೆ ಕಾರಿನ ಸಾಲು. ಹಾಲಿನ ವ್ಯಾನು, 108 ಎರಡೂ ಅದರ ಹಿಂದೆ. ಪಾರ್ಕಿಂಗ್ ಚೀಟಿಯಲ್ಲಿ ಕ್ರಮಸಂಖ್ಯೆಯಿಲ್ಲ, ಸೀಲಿಲ್ಲ. ಎಷ್ಟು ವಸೂಲಾಯಿತು, ಅದರಲ್ಲಿ ಗುಡ್ಡಕ್ಕೆ ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ಈ ಪತ್ರದ ಮೂಲಕವೇ ಕೇಳುತ್ತಿದ್ದೇವೆ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ ಕೇಳುತ್ತೇವೆ.

ಶೌಚಾಲಯವೊಂದು ಕಟ್ಟಿದ್ದೀರಿ. ಅದಕ್ಕೆ ಬೀಗ, ಬೀಗದ ಕೈ ಯಾರ ಬಳಿ ಎಂಬುದು ಗುಟ್ಟು. ಬೀಗ ತೆಗೆಯದಿರುವುದೇ ವಾಸಿ ಎನ್ನಬೇಕು, ಏಕೆಂದರೆ ಅದರ ಇಂಗುಗುಂಡಿ ಕೆಳಕೇರಿ ಕುಡಿಯುವ ಒರತೆಗಿಂತ ಮೇಲೆ, ಇಪ್ಪತ್ತು ಅಡಿ ದೂರದಲ್ಲಿದೆ. ಐವತ್ತು ಅಡಿಯಾದರೂ ಆಚೆ, ಒರತೆಯ ಕೆಳಬದಿಗೆ ಇರಬೇಕಿತ್ತು.

ಇನ್ನು ಉದ್ಯಾನ. ಹೆಸರು ವೃಕ್ಷೋದ್ಯಾನ, ಇದ್ದ ನೇರಳೆ, ಹಲಸು ಕಡಿದು ಮೆಕ್ಸಿಕನ್ ಹುಲ್ಲು ಹಾಸಿ, ಸಿಮೆಂಟಿನ ಅಣಬೆ ನಾಲ್ಕು ನಿಲ್ಲಿಸಿದ್ದೀರಿ. ಬೇಸಿಗೆಯಲ್ಲಿ ಹುಲ್ಲಿಗೆ ನೀರಿಲ್ಲ, ಮಳೆಗಾಲದಲ್ಲಿ ನೀರು ಹೋಗಲು ಜಾಗವಿಲ್ಲ. ಉಯ್ಯಾಲೆಯ ಸರಪಳಿಯ ಕೊಂಡಿ ಸವೆದು ತಂತಿಯಷ್ಟಾಗಿದೆ. ಇದನ್ನು ಮನವಿ ಎನ್ನಬೇಡಿ, ಎಚ್ಚರಿಕೆ ಎನ್ನಿ: ನಾಳೆಯೇ ಬಿಚ್ಚಿಸಿ.

ಮಂಜು ಕವಿದಾಗ ತುದಿಯ ಹುಲ್ಲುಗಾವಲಿನಲ್ಲಿ ಹತ್ತು ಹೆಜ್ಜೆ ಆಚೆ ಕಾಣುವುದಿಲ್ಲ, ಫೋನ್ ಸಿಗುವುದು ಎರಡೇ ಕಡೆ. ನೂರು ಮೀಟರಿಗೊಂದು ಕಲ್ಲು ನೆಟ್ಟು ನಂಬರ್ ಬರೆಸಿದರೆ ದಾರಿ ತಪ್ಪಿದವರು "ಒಂದು ಬಂಡೆ ಹತ್ತಿರ ಇದ್ದೇವೆ" ಎನ್ನುವ ಬದಲು ನಂಬರ್ ಹೇಳುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು, ಎರಡು ಗಂಟೆಯ ನಂತರ ಹತ್ತಲು ಬಿಡಬಾರದು. ಬೆಂಕಿ ಹರಡದಂತೆ ಹುಲ್ಲು ಸವರುವ ಬೆಂಕಿರೇಖೆಯನ್ನು ಜನವರಿಯೊಳಗೆ ಕಡಿಸಬೇಕು. ಹುಲ್ಲು ಹೊತ್ತಿಕೊಂಡ ಮೇಲೆ ಸೊಪ್ಪು ಹಿಡಿದು ಓಡುವವರು ನಾವೇ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆ ಹರಡುವ ಉಣುಗಿನ ಕಾಲ. ಪಕ್ಕದ ಶಿವಮೊಗ್ಗದ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಈ ಕಾಯಿಲೆ ನಮ್ಮ ಜಿಲ್ಲೆಗೆ ಹೊಸದಲ್ಲ. ಆದರೂ ಕಾಡಂಚಿನಲ್ಲಿ ಚಾಪೆ ಹಾಸಿ ಊಟ ಮಾಡುವವರಿಗೆ ಒಂದು ಫಲಕವಿಲ್ಲ, ನಮ್ಮ ಕೂಲಿಯವರಿಗೆ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆಯಿಲ್ಲ. ಪ್ಲಾಸ್ಟಿಕ್ ನಿಷೇಧ ರಾಜ್ಯದಲ್ಲಿ 2016ರಿಂದಲೇ ಇದೆ, ಕಮಾನಿನ ಕೆಳಗಿನ ಅಂಗಡಿಗೆ ಮಾತ್ರ ಅನ್ವಯಿಸುವುದಿಲ್ಲವೇನೋ.

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಮಣ್ಣು ಮೆದುವಾದಾಗಿನಿಂದ ಮುಂಗಾರು ಹಿಡಿಯುವವರೆಗಿನ ಎರಡು ತಿಂಗಳೇ ಈ ಕೆಲಸಕ್ಕೆ ಕಾಲ. ಮೇ 15ರೊಳಗೆ ಅಡ್ಡಸಾಲು, ಒಡ್ಡು, ಮೋರಿಯ ಹೂಳು ಈ ಮೂರಾದರೂ ಮುಗಿಯಬೇಕು. ಅಲ್ಲಿಯವರೆಗೆ ಗುಡ್ಡಕ್ಕೆ ಪ್ರವೇಶ ನಿಲ್ಲಿಸಿ ಲಿಖಿತ ಆದೇಶ ಹೊರಡಿಸಿ. ಆಗದಿದ್ದರೆ ಮುಂದಿನ ಗ್ರಾಮಸಭೆಯನ್ನು ಮೂರನೇ ತಿರುವಿನಲ್ಲೇ ಸೇರಿಸುತ್ತೇವೆ, ಕೋರಂ ನಮ್ಮ ಜವಾಬ್ದಾರಿ. ಪರಿಶೀಲನೆಗೆ ಬರುವುದಾದರೆ ದಯವಿಟ್ಟು ಕಮಾನು ದಾಟಿ ಬನ್ನಿ, ಜೊತೆಗೊಂದು ಅಳತೆ ಟೇಪು ತನ್ನಿ.

ವಂದನೆಗಳೊಂದಿಗೆ,
ತಪ್ಪಲಿನ ನಿವಾಸಿಗಳು
(ಸಹಿಗಳು ಹಿಂಬದಿಯ ಹಾಳೆಗಳಲ್ಲಿ)

ಲಗತ್ತು: ಹಿಂದಿನ ನಾಲ್ಕು ಮನವಿಗಳ ಸ್ವೀಕೃತಿ ಪ್ರತಿ; ಕೊರಕಲು, ಹದಿನೇಳನೇ ಮೆಟ್ಟಿಲು ಮತ್ತು ಉಯ್ಯಾಲೆ ಕೊಂಡಿಯ ಫೋಟೊಗಳು; ಕ್ರಮಸಂಖ್ಯೆಯಿಲ್ಲದ ಪಾರ್ಕಿಂಗ್ ಚೀಟಿ, ಒಂದು.