ಲಿನಕ್ಸ್ ಹಾಕುವ ಮೊದಲು ಟ್ಯಾಬಿನ ಪೂರ್ತಿ ಪ್ರತಿ ತೆಗೆದಿಡು

ಬದಿಯಡ್ಕ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು. ಉಭಯ ಕುಶಲೋಪರಿ.

ನಿನ್ನ ಹಳೆಯ ಟ್ಯಾಬಿನ ವಿಂಡೋಸನ್ನು ಅಳಿಸಿ, ಅದರ ಬದಲು ಲಿನಕ್ಸ್ ಎಂಬ ಸ್ವತಂತ್ರ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿ, ನಿನ್ನ ಶಾಲೆಯ ಮಕ್ಕಳಿಗೆ ಕನ್ನಡ ಟೈಪಿಂಗ್ ಅಭ್ಯಾಸಕ್ಕೆ ಕೊಡಬೇಕೆಂದು ನೀನು ಹೇಳಿದ್ದು ಕೇಳಿ ಬಹಳ ಸಂತೋಷವಾಯಿತು. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಸಂಗ್ರಹ ಬೇಕು. ನಿನ್ನ ಟ್ಯಾಬಿನಲ್ಲಿರುವುದು 2 ಮತ್ತು 32. ಹಾಗಾಗಿ ನಿನ್ನ ನಿರ್ಧಾರ ಸರಿಯೇ. ಆದರೆ ಅಳಿಸುವುದಕ್ಕೆ ಮೊದಲು ಅದರ ಇಡೀ ಡ್ರೈವಿನ ಪ್ರತಿಯನ್ನು, ಅಂದರೆ ಕ್ಲೋನನ್ನು, ತೆಗೆದಿಡಲೇಬೇಕು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಎದುರಿಗಿಟ್ಟುಕೊಂಡು ಮಾಡಲು ಅನುಕೂಲವಾಗಲಿ ಎಂದು ಬರೆಯುತ್ತಿದ್ದೇನೆ.

ಅಜ್ಜನ ತಾಳಮದ್ದಳೆಯ ಧ್ವನಿಮುದ್ರಣಗಳನ್ನೂ ಫೋಟೋಗಳನ್ನೂ ಹಾರ್ಡ್‌ಡಿಸ್ಕಿಗೆ ಹಾಕಿಕೊಂಡಿದ್ದೇನೆ, ಇನ್ನೇನು ಬೇಕು ಎಂದು ನೀನು ಕೇಳಿದೆ. ಅದು ನಿನ್ನ ಫೈಲುಗಳ ಪ್ರತಿ, ಟ್ಯಾಬಿನ ಪ್ರತಿ ಅಲ್ಲ. ಇಂಥ ಅಗ್ಗದ ಟ್ಯಾಬುಗಳಲ್ಲಿ ಸ್ಪರ್ಶಪರದೆ, ವೈಫೈ, ಧ್ವನಿ, ಪರದೆ ತಿರುಗುವಿಕೆ ಇವೆಲ್ಲವೂ ಕಾರ್ಖಾನೆಯಲ್ಲಿ ಹಾಕಿಕೊಟ್ಟ ಡ್ರೈವರುಗಳಿಂದ, ಅಂದರೆ ಆ ಭಾಗಗಳನ್ನು ನಡೆಸುವ ತಂತ್ರಾಂಶಗಳಿಂದ, ನಡೆಯುತ್ತವೆ, ಮತ್ತು ಹತ್ತು ವರ್ಷದ ಮೇಲೆ ಆ ಡ್ರೈವರುಗಳು ಬೇರೆಲ್ಲಿಯೂ ಸಿಗುವ ಭರವಸೆಯಿಲ್ಲ. ಇನ್ನೊಂದು ಕಾರಣ ನಿನ್ನ ಲಿನಕ್ಸಿಗೇ ಸಂಬಂಧಿಸಿದ್ದು. ಈ ಬಗೆಯ ಅನೇಕ ಟ್ಯಾಬುಗಳಲ್ಲಿ ಸ್ಪರ್ಶಪರದೆಯನ್ನು ನಿಯಂತ್ರಿಸುವುದು ಸಿಲೀಡ್ ಕಂಪನಿಯ ಚಿಪ್. ಅದಕ್ಕೆ ಪ್ರತಿ ಮಾದರಿಗೂ ಬೇರೆಯೇ ಫರ್ಮ್‌ವೇರ್, ಅಂದರೆ ಚಿಪ್ಪನ್ನು ನಡೆಸುವ ಪುಟ್ಟ ತಂತ್ರಾಂಶ, ಬೇಕು, ಮತ್ತು ಲಿನಕ್ಸಿನಲ್ಲಿ ಬಳಸಲು ಆ ಫರ್ಮ್‌ವೇರನ್ನು ಸಾಮಾನ್ಯವಾಗಿ ಅದೇ ಟ್ಯಾಬಿನ ವಿಂಡೋಸ್ ಡ್ರೈವರಿನೊಳಗಿಂದ ಹೊರತೆಗೆಯಬೇಕಾಗುತ್ತದೆ. ವಿಂಡೋಸನ್ನು ಅಳಿಸಿಬಿಟ್ಟರೆ ಮಕ್ಕಳು ಮುಟ್ಟಿದ್ದಕ್ಕೆ ಉತ್ತರಿಸದ ಗಾಜಿನ ಹಲಗೆಯೊಂದೇ ಉಳಿಯಬಹುದು.

ಲ್ಯಾಪ್‌ಟಾಪ್ ಆಗಿದ್ದರೆ ಹಾರ್ಡ್‌ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಪ್ರತಿ ತೆಗೆಯಬಹುದಿತ್ತು. ನಿನ್ನ ಟ್ಯಾಬಿನಲ್ಲಿ ಸಂಗ್ರಹವಿರುವುದು ಮದರ್‌ಬೋರ್ಡಿಗೇ ಬೆಸುಗೆ ಹಾಕಿದ ಇಎಂಎಂಸಿ ಚಿಪ್ಪಿನಲ್ಲಿ. ಬಿಚ್ಚುವ ಪ್ರಶ್ನೆಯೇ ಇಲ್ಲ. ಆದ್ದರಿಂದ ಟ್ಯಾಬನ್ನೇ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಅಂದರೆ ಎಬ್ಬಿಸಿ, ಒಳಗಿನ ವಿಂಡೋಸ್ ಏಳುವುದಕ್ಕೆ ಬಿಡದೆ, ಹೊರಗಿನಿಂದ ಬಂದ ವ್ಯವಸ್ಥೆಯ ಕೈಯಲ್ಲಿ ಪ್ರತಿ ತೆಗೆಸಬೇಕು. ವಿಂಡೋಸ್ ಓಡುತ್ತಿರುವಾಗಲೇ ಪ್ರತಿ ಮಾಡುವ ತಂತ್ರಾಂಶಗಳೂ ಇವೆ, ಆದರೆ ಓಡುತ್ತಿರುವ ವಿಂಡೋಸ್ ಕ್ಷಣಕ್ಷಣಕ್ಕೂ ಏನನ್ನಾದರೂ ಬರೆಯುತ್ತಲೇ ಇರುತ್ತದೆ. ಅಂಗಳದಲ್ಲಿ ಒಬ್ಬರು ಅಡಿಕೆ ಎಣಿಸುತ್ತಿರುವಾಗ ಇನ್ನೊಬ್ಬರು ಅದೇ ರಾಶಿಗೆ ಸುರಿಯುತ್ತಿದ್ದಂತೆ. 2 ಜಿಬಿ ರ‍್ಯಾಮಿನ ಯಂತ್ರಕ್ಕೆ ಆ ಹೊರೆಯೂ ಬೇಡ.

ಪೆನ್‌ಡ್ರೈವಿಗೆ ನಾನು ಹೇಳುವುದು ಕ್ಲೋನ್‌ಜಿಲ್ಲಾ. ಇದು ಡ್ರೈವಿನ ಪ್ರತಿ ತೆಗೆಯುವ, ತೈವಾನಿನಲ್ಲಿ ಬೆಳೆದ ಸ್ವತಂತ್ರ ತಂತ್ರಾಂಶ. ಕೇರಳದ ಶಾಲೆಗಳಲ್ಲಿ ಸರ್ಕಾರದ ಕಂಪ್ಯೂಟರ್ ಶಿಕ್ಷಣ ಯೋಜನೆಯಾದ ಐಟಿ@ಸ್ಕೂಲ್ ಕಾಲದಿಂದ ಅದರ ಇಂದಿನ ರೂಪವಾದ ಕೈಟ್‌ವರೆಗೆ ಲಿನಕ್ಸಿನಲ್ಲೇ ಕಲಿತು ಬಂದ ನಿನಗೆ ಅದರ ಕಪ್ಪು ಪರದೆ ಹೆದರಿಕೆ ಹುಟ್ಟಿಸಲಾರದು. ಪೆನ್‌ಡ್ರೈವನ್ನು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಕ್ಲೋನ್‌ಜಿಲ್ಲಾದ ಜಿಪ್ ಫೈಲನ್ನು ಅದರೊಳಗೆ ಬಿಡಿಸಿದರೆ ಸಾಕು, ಏಕೆಂದರೆ ಯುಇಎಫ್‌ಐ (ಆನ್ ಮಾಡಿದಾಗ ಮೊದಲು ಏಳುವ ಒಳತಂತ್ರಾಂಶ) ಇರುವ ಯಂತ್ರಗಳು ಫ್ಯಾಟ್ ಡ್ರೈವಿನಲ್ಲಿ ನಿಗದಿತ ಜಾಗದಲ್ಲಿರುವ ಬೂಟ್ ಫೈಲನ್ನು ತಾವೇ ಹುಡುಕಿಕೊಳ್ಳುತ್ತವೆ. ಬಹಳ ಜನ ಸೋತು ಕೈಬಿಡುವುದು ಇಲ್ಲಿಯೇ. ನಿನ್ನ ಟ್ಯಾಬಿನ ಇಂಟೆಲ್ ಆಟಮ್ ಪ್ರೊಸೆಸರ್ 64 ಬಿಟ್‌ನದಾದರೂ ಅದರ ಯುಇಎಫ್‌ಐ 32 ಬಿಟ್‌ನದು. ಅದು ಹುಡುಕುವುದು ಬೂಟ್‌ಐಎ32 ಎಂಬ ಹೆಸರಿನ ಫೈಲನ್ನು. ಪೆನ್‌ಡ್ರೈವಿನಲ್ಲಿ ಬೂಟ್‌ಎಕ್ಸ್64 ಮಾತ್ರ ಇದ್ದರೆ ಟ್ಯಾಬ್ ಯಾವ ದೋಷವನ್ನೂ ತೋರಿಸದೆ ನೇರವಾಗಿ ವಿಂಡೋಸಿಗೆ ಹೋಗಿಬಿಡಬಹುದು. ಪೆನ್‌ಡ್ರೈವೇ ಹಾಳಾಗಿದೆ ಎಂದು ಆಗ ಭಾವಿಸಬೇಡ. ಇಎಫ್‌ಐ ಫೋಲ್ಡರಿನೊಳಗಿನ ಬೂಟ್ ಫೋಲ್ಡರನ್ನು ತೆರೆದು ಬೂಟ್‌ಐಎ32 ಫೈಲಿದೆಯೇ ಎಂದು ನೋಡಿಕೊಂಡೇ ಮುಂದುವರಿ.

ಟ್ಯಾಬಿಗಿರುವುದು ಒಂದೇ ಮೈಕ್ರೋ ಯುಎಸ್‌ಬಿ ಕಿಂಡಿ. ಅದಕ್ಕೆ ಒಟಿಜಿ ಕೇಬಲ್ಲು (ಟ್ಯಾಬಿಗೆ ಪೆನ್‌ಡ್ರೈವಿನಂಥ ಯುಎಸ್‌ಬಿ ಸಾಧನಗಳನ್ನು ಜೋಡಿಸುವ ತಂತಿ), ಅದರ ತುದಿಗೆ ತನ್ನದೇ ಅಡಾಪ್ಟರ್ ಇರುವ ಹಬ್, ಹಬ್ಬಿಗೆ ಪೆನ್‌ಡ್ರೈವ್, ಕೀಬೋರ್ಡ್ ಮತ್ತು ಹಾರ್ಡ್‌ಡಿಸ್ಕ್ ಜೋಡಿಸಬೇಕು. ಕೀಬೋರ್ಡ್ ತಂತಿಯದೇ ಇರಲಿ. ಕ್ಲೋನ್‌ಜಿಲ್ಲಾದಲ್ಲಿ ಸ್ಪರ್ಶವೂ ನಡೆಯದು, ಬ್ಲೂಟೂತನ್ನೂ ನಂಬುವಂತಿಲ್ಲ. ಒಟಿಜಿ ಹಾಕಿರುವಾಗ ಅನೇಕ ಟ್ಯಾಬುಗಳು ಚಾರ್ಜ್ ಆಗುವುದಿಲ್ಲ, ಆದ್ದರಿಂದ ಬ್ಯಾಟರಿಯನ್ನು ಮೊದಲೇ ಪೂರ್ತಿ ತುಂಬಿಸಿಕೋ. ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಸಂಜೆಗಳಲ್ಲಿ ಗುಡುಗು ಬಂದರೆ ಕರೆಂಟು ಹೋಗುವುದು ನಮ್ಮಲ್ಲಿ ಖಚಿತ. ಕರೆಂಟು ಹೋದರೆ ಟ್ಯಾಬ್ ಉಳಿದರೂ ಹಬ್ಬು ನಿಂತು ಹಾರ್ಡ್‌ಡಿಸ್ಕ್ ಕಳಚಿಕೊಳ್ಳುತ್ತದೆ, ಪ್ರತಿ ಅರ್ಧದಲ್ಲೇ ಕೆಡುತ್ತದೆ. ಬೆಳಗ್ಗೆಯೇ ಕೂತುಕೋ.

ಬೂಟ್ ಮಾಡುವ ಮೊದಲು ವಿಂಡೋಸ್ ಸೆಟ್ಟಿಂಗ್ಸಿನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ (ಡ್ರೈವಿನಲ್ಲಿರುವುದನ್ನು ಗೂಢಲಿಪಿಗೆ ತಿರುಗಿಸಿಡುವ ವ್ಯವಸ್ಥೆ) ಆನ್ ಆಗಿದೆಯೇ ಎಂದು ನೋಡು. ಇಂಥ ಟ್ಯಾಬುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕಾಗ ಅದು ತಾನಾಗಿಯೇ ಆನ್ ಆಗಿರಬಹುದು. ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀಲಿಯನ್ನು ನಿನ್ನ ಖಾತೆಯಿಂದ ತೆಗೆದು ಕಾಗದದಲ್ಲಿ ಬರೆದಿಟ್ಟುಕೋ, ಆಮೇಲೆ ಎನ್‌ಕ್ರಿಪ್ಷನನ್ನು ಆಫ್ ಮಾಡಿ ಅದು ಮುಗಿಯುವವರೆಗೆ ಕಾಯಿ. ಕ್ಲೋನ್‌ಜಿಲ್ಲಾ ಸಾಮಾನ್ಯವಾಗಿ ಡ್ರೈವಿನಲ್ಲಿ ಬಳಕೆಯಾದ ಭಾಗಗಳನ್ನು ಮಾತ್ರ ನಕಲು ಮಾಡುತ್ತದೆ. ಎನ್‌ಕ್ರಿಪ್ಟ್ ಆದ ವಿಭಾಗದೊಳಗೆ ಏನಿದೆಯೆಂದು ಅದಕ್ಕೆ ತಿಳಿಯದ ಕಾರಣ ಖಾಲಿ ಜಾಗವನ್ನೂ ಸೇರಿಸಿ ಎಲ್ಲವನ್ನೂ ಎತ್ತಿಕೊಳ್ಳಬೇಕಾಗುತ್ತದೆ.

ಈಗ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ರೀಸ್ಟಾರ್ಟ್ ಆರಿಸು. ಬರುವ ನೀಲಿ ಪರದೆಯಲ್ಲಿ ‘ಯೂಸ್ ಎ ಡಿವೈಸ್’ ಎಂಬುದರೊಳಗೆ ಯುಎಸ್‌ಬಿ ಕಾಣಿಸುತ್ತದೆ. ಶಟ್‌ಡೌನ್ ಮಾಡಿ ಗುಂಡಿ ಒತ್ತಿಹಿಡಿಯುವ ದಾರಿಗಿಂತ ಇದನ್ನೇ ನಾನು ಮೆಚ್ಚುತ್ತೇನೆ. ವಿಂಡೋಸ್ 10ರ ಸಾಮಾನ್ಯ ಶಟ್‌ಡೌನ್ ಫಾಸ್ಟ್ ಸ್ಟಾರ್ಟಪ್ ಕಾರಣದಿಂದ ಅರೆನಿದ್ರೆಯಷ್ಟೇ ಆಗಿರುತ್ತದೆ, ಆ ಸ್ಥಿತಿಯ ಡ್ರೈವನ್ನು ಕ್ಲೋನ್‌ಜಿಲ್ಲಾ ಒಪ್ಪದೆ ನಿಲ್ಲಬಹುದು; ರೀಸ್ಟಾರ್ಟ್ ಆದಾಗ ವಿಂಡೋಸ್ ಪೂರ್ತಿಯಾಗಿ ಮುಚ್ಚಿಕೊಳ್ಳುತ್ತದೆ. ನಂಬಿಕೆಯ ಸಹಿಯಿಲ್ಲದ ತಂತ್ರಾಂಶ ಏಳದಂತೆ ಕಾಯುವ ಸೆಕ್ಯೂರ್ ಬೂಟ್ ತಡೆದರೆ ಅದೇ ನೀಲಿ ಪರದೆಯಿಂದ ಯುಇಎಫ್‌ಐ ಸೆಟ್ಟಿಂಗ್ಸಿಗೆ ಹೋಗಿ ತಾತ್ಕಾಲಿಕವಾಗಿ ಆಫ್ ಮಾಡು. ಕ್ಲೋನ್‌ಜಿಲ್ಲಾದ ಅಕ್ಷರಗಳು ಅಡ್ಡಲಾಗಿ ಮಲಗಿದಂತೆ ಕಂಡರೆ ಗಾಬರಿಯಾಗಬೇಡ. ಈ ಟ್ಯಾಬುಗಳ ಪರದೆಯನ್ನು ಉದ್ದುದ್ದವಾಗಿ ಕೂರಿಸಿರುತ್ತಾರೆ. ಟ್ಯಾಬನ್ನೇ ತಿರುಗಿಸಿಟ್ಟುಕೋ.

ಮುಂದಿನ ಪ್ರಶ್ನೆಗಳಲ್ಲಿ ‘ಡಿವೈಸ್-ಇಮೇಜ್’ ಆರಿಸು, ಇಮೇಜ್, ಅಂದರೆ ತೆಗೆದ ಪ್ರತಿ, ಇಡುವ ಜಾಗವಾಗಿ ಹಾರ್ಡ್‌ಡಿಸ್ಕನ್ನು ತೋರಿಸು, ಆಮೇಲೆ ‘ಸೇವ್‌ಡಿಸ್ಕ್’. ಇಲ್ಲಿ ಅವಸರ ಬೇಡ. ‘ರಿಸ್ಟೋರ್‌ಡಿಸ್ಕ್’ ಎಂಬುದು ಇದರ ವಿರುದ್ಧ ದಿಕ್ಕಿನ ಕೆಲಸ. ಅದು ಟ್ಯಾಬಿನ ಮೇಲೆ ಬರೆಯುತ್ತದೆ. ಡ್ರೈವುಗಳ ಹೆಸರುಗಳನ್ನು ಒಂದೊಂದಾಗಿ ಓದು. ಎಸ್‌ಡಿಎ, ಎಸ್‌ಡಿಬಿ ಎಂದಿರುವುವು ನೀನು ಹಬ್ಬಿಗೆ ಸಿಕ್ಕಿಸಿದವು; ಎಂಎಂಸಿಬಿಎಲ್‌ಕೆ ಎಂದು ಶುರುವಾಗುವುದು ಟ್ಯಾಬಿನ ಒಳಗಿನದು, ಅಥವಾ ಅದರಲ್ಲಿ ಸಿಕ್ಕಿಸಿದ ಮೆಮೊರಿ ಕಾರ್ಡು. ಗೊಂದಲವಾಗದಂತೆ ಕಾರ್ಡನ್ನು ಮೊದಲೇ ತೆಗೆದಿಡು. ಹೆಸರನ್ನಷ್ಟೇ ನಂಬದೆ ಗಾತ್ರವನ್ನೂ ನೋಡು. 32 ಜಿಬಿಯ ಚಿಪ್ ಅಲ್ಲಿ ಸುಮಾರು 30 ಎಂದೋ 29 ಎಂದೋ ಕಾಣಿಸಬಹುದು. ಬೂಟ್0, ಬೂಟ್1 ಎಂಬ ಬಾಲವಿರುವ ಪುಟ್ಟ ವಿಭಾಗಗಳು ಕಂಡರೆ ಅವನ್ನು ಮುಟ್ಟಬೇಡ. ಪ್ರತಿ ತೆಗೆದ ಮೇಲೆ ಇಮೇಜನ್ನು ಪರೀಕ್ಷಿಸಬೇಕೇ ಎಂದು ಅದು ಕೇಳುತ್ತದೆ. ಸಮಯ ಹಿಡಿದರೂ ಹೌದು ಎನ್ನು. ಪರೀಕ್ಷಿಸದ ಪ್ರತಿಯನ್ನು ನಂಬಿ ಮೂಲವನ್ನು ಅಳಿಸಲು ನಾನು ಒಪ್ಪಲಾರೆ.

ಇಮೇಜ್ ಎಂದರೆ ಒಂದೇ ಫೈಲಲ್ಲ, ಹಲವು ಫೈಲುಗಳಿರುವ ಒಂದು ಫೋಲ್ಡರು. ಅದರಲ್ಲಿ ಒಂದನ್ನೂ ಬೇರ್ಪಡಿಸದೆ, ಹೆಸರು ಬದಲಿಸದೆ, ಇಡಿಯಾಗಿ ಇನ್ನೊಂದು ಡಿಸ್ಕಿಗೂ ನಕಲಿಸಿ ನನಗೆ ಕೊಡು. ಅದಾದ ಮೇಲೆಯೂ ಲಿನಕ್ಸನ್ನು ಕೂಡಲೇ ಡ್ರೈವಿಗೆ ಇಳಿಸದೆ ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ವೈಫೈ, ಧ್ವನಿ, ಸ್ಪರ್ಶ ಹೇಗೆ ನಡೆಯುತ್ತವೆ ನೋಡು. ಸ್ಪರ್ಶ ನಡೆಯದಿದ್ದರೆ ವಿಂಡೋಸ್ ಡ್ರೈವಿನ ಸಿಸ್ಟಮ್32ರೊಳಗಿನ ಡ್ರೈವರ್ಸ್ ಫೋಲ್ಡರಿನಲ್ಲಿ ಸಿಲೀಡ್ ಎಂದು ಶುರುವಾಗುವ ಫೈಲುಗಳಿದ್ದರೆ ಅವನ್ನು ಬೇರೆಯಾಗಿಯೂ ತೆಗೆದಿಡು.

ಅಡಾಪ್ಟರ್ ಇರುವ ಹಬ್ಬೂ ಒಟಿಜಿ ಕೇಬಲ್ಲೂ ಇಲ್ಲಿ ನನ್ನ ಬಳಿ ಇವೆ. ಮಾವ ಶನಿವಾರ ಉಪ್ಪಳಕ್ಕೆ ಬರುವವನಿದ್ದಾನೆ, ಅವನ ಕೈಯಲ್ಲಿ ಕಳುಹಿಸುತ್ತೇನೆ. ಡ್ರೈವುಗಳ ಪಟ್ಟಿ ಬಂದ ಪರದೆಯಲ್ಲಿ ಯಾವುದು ಯಾವುದೆಂದು ಸಂಶಯವಾದರೆ ಮುಂದೆ ಹೋಗದೆ ಅದರ ಫೋಟೋ ತೆಗೆದು ನನಗೆ ಕಳುಹಿಸು, ನೋಡಿ ಹೇಳುತ್ತೇನೆ.

ಇತಿ ನಿನ್ನ
ಅಮ್ಮ